ಒಂಬತ್ತನೇ ಬಿಲ್ಲೆ

ಬಿಲ್ಲೆ ಮೊಳೆಯಲ್ಲೇ ಇತ್ತು. ಹಾಗಾಗಿ ಯಾರಿಗೂ ಗಾಬರಿಯಾಗಿರಲಿಲ್ಲ.

ಕುಜ್ನಿತ್ಸಾದ ಫುಟ್‌ಬಾಲ್ ಕ್ಲಬ್ಬಿನ ಕೆಳಗಿರುವ ಬಿಯರ್ ಅಂಗಡಿಯಲ್ಲಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಒಂದೇ ಒಂದು ಮೊಳೆ. ಅದರಲ್ಲಿ ಒಂಬತ್ತು ಎಂದು ಕೆತ್ತಿದ ಹಿತ್ತಾಳೆಯ ಬಿಲ್ಲೆ. ಊರಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ಕಲ್ಲಿದ್ದಲ ಗಣಿಯವರು. ಗಣಿಗೆ ಇಳಿಯುವಾಗ ತಮ್ಮ ಸಂಖ್ಯೆಯ ಬಿಲ್ಲೆ ಎತ್ತಿಕೊಂಡು ಹೋಗುವುದು, ಮೇಲೆ ಬಂದ ಕೂಡಲೇ ಗಣಿ ಬಾಗಿಲಲ್ಲಿರುವ ತಮ್ಮ ಮೊಳೆಗೆ ತೂಗುಹಾಕುವುದು ಅವರ ಕೈಗೆ ಅಂಟಿದ ಅಭ್ಯಾಸ. ಪಾಳಿ ಮುಗಿದ ಮೇಲೂ ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ. ಬಿಲ್ಲೆ ಇದ್ದರೆ ಮನುಷ್ಯ ಮೇಲೆ ಬಂದಿದ್ದಾನೆ, ಮನೆಯವರು ನೆಮ್ಮದಿಯಾಗಿರಬಹುದು.

ಹೋದ ವಸಂತದಲ್ಲಿ ಕ್ಲಬ್ಬಿನವರು ಗೇಟಿನ ಮೇಲೆ ನಾಲ್ಕು ಸಾಲಿನ ಪ್ರಕಟಣೆ ಅಂಟಿಸಿದ್ದರು. ರುಫಿನ್ ಮಾಲೋಟರಿಗೆ ಡಿಮೆನ್ಷಿಯಾ ಇದೆಯೆಂದು ವೈದ್ಯರು ಖಚಿತಪಡಿಸಿದ್ದರು. ಹನ್ನೊಂದು ವರ್ಷ ಒಂಬತ್ತನೇ ನಂಬರಿನ ಹಸಿರು ಅಂಗಿ ತೊಟ್ಟವರು ಅವರು. ಕಾಲಿಗಿಂತ ತಲೆಯಿಂದಲೇ ಹೆಚ್ಚು ಗೋಲು ಹೊಡೆದವರು. ಮಳೆಯಲ್ಲಿ ನೆನೆದು ಕಲ್ಲಿನಂತಾಗುತ್ತಿದ್ದ ಆ ಕಾಲದ ತೊಗಲಿನ ಚೆಂಡಿಗೆ ಅವರು ಹಣೆ ಕೊಟ್ಟಾಗಲೆಲ್ಲ ಮೈದಾನದ ತುಂಬ ಜನ "ಸುತ್ತಿಗೆ! ಸುತ್ತಿಗೆ!" ಎಂದು ಕೂಗುತ್ತಿದ್ದರು. ಪ್ರಕಟಣೆ ಬಂದ ದಿನ ಬಿಯರ್ ಅಂಗಡಿಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಎರ್ವಿನ್ ಎಂಬ ನಿವೃತ್ತ ಗಣಿಗಾರ ಮಾತ್ರ ಲೋಟದ ತಳ ನೋಡುತ್ತಾ, "ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಕೂಗಿದ್ದು ನಾವೇ ಅಲ್ವೇನ್ರೋ," ಎಂದಿದ್ದ.

"ಅತ್ತಿದ್ದು ಸಾಕು, ಪಾಳಿ ಹಾಕೋಣ," ಎಂದವನು ಬೆನೆಕ್. ಅಭಿಮಾನಿಗಳ ಮುಂದಾಳು, ಗಣಿಯಲ್ಲಿ ಕೆಲಸ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರದಂಥ ಆಳು. ಮುಂಗೈ ಮೇಲೆ ರುಫಿನ್ನರ ಮುಖವನ್ನೇ ಹಚ್ಚೆ ಹಾಕಿಸಿಕೊಂಡಿದ್ದ. ಅಂದಿನಿಂದ ರುಫಿನ್ ಮನೆಯಿಂದ ಹೊರಟರೆ ಅವರ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು ಒಬ್ಬ ನಡೆಯುತ್ತಿದ್ದ. ಅವನ ಜೇಬಿನಲ್ಲಿ ಬಿಲ್ಲೆ. ರುಫಿನ್ ಮನೆ ಸೇರಿದ ಮೇಲೆ ಬಿಲ್ಲೆ ಮೊಳೆಗೆ. ಏಳು ತಿಂಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹಿಂದೆ ಬರುತ್ತಿರುವುದು ರುಫಿನ್ನರಿಗೆ ತಿಳಿಯಬಾರದೆಂದು ಕೆಲವರು ನಾಯಿಯನ್ನು ಸಾಲ ತಂದು ನಡೆಸುತ್ತಿದ್ದರು.

ನವೆಂಬರ್ ತಿಂಗಳ ಆ ಶನಿವಾರ ಸಂಜೆ ಕುಜ್ನಿತ್ಸಾದಲ್ಲೇ ಲಿಪ್ಕಾದ ಮೇಲೆ ಆಟ. ಲಿಪ್ಕಾ ಎಂದರೆ ರೈಲು ಸೇತುವೆಯ ಆಚೆಯ ಊರು, ನೀಲಿ ಬಣ್ಣದವರು. ನಲವತ್ತೆಂಟು ವರ್ಷದ ಹಿಂದೆ ರುಫಿನ್ ತಲೆಯಿಂದ ಹೊಡೆದ ಒಂದು ಗೋಲಿನಿಂದ ಲಿಪ್ಕಾ ಕೆಳಗಿನ ವಿಭಾಗಕ್ಕೆ ಇಳಿದಿತ್ತು. ಅದನ್ನು ಅವರು ಮರೆತಿರಲಿಲ್ಲ, ಇವರು ಮರೆಯಲು ಬಿಟ್ಟಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಟ್ರೂಡಾ ಎಂದಿನಂತೆ ಗಸಗಸೆ ಕೇಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರುಫಿನ್ನರ ಮನೆಗೆ ಬಂದಳು. ಮೂವತ್ತೆಂಟು ವರ್ಷ ಕ್ಲಬ್ಬಿನ ಬಟ್ಟೆ ಒಗೆದ ಹೆಂಗಸು. ಈಗ ಎಪ್ಪತ್ತೊಂದು ವಯಸ್ಸು. ಶನಿವಾರ ಅವಳು ರುಫಿನ್ನರ ಜೊತೆ ಕೂತರೆ ಅವರ ಹೆಂಡತಿ ಆನಿಯೆಲಾ ಎರಡು ಗಂಟೆ ಮಲಗುತ್ತಿದ್ದಳು. ರುಫಿನ್ ಅವಳನ್ನು ಬೇಸಿಗೆಯಿಂದಲೇ ಗುರುತು ಹಿಡಿಯುತ್ತಿರಲಿಲ್ಲ. "ಕೂತ್ಕೊಳ್ಳಿ ಅಮ್ಮಾವ್ರೇ," ಎಂದು ಅಪರಿಚಿತರಿಗೆ ಹೇಳುವಂತೆ ಮರ್ಯಾದೆಯಿಂದ ಕುರ್ಚಿ ಎಳೆದುಕೊಡುತ್ತಿದ್ದರು. ಅವಳಿಗೆ ಆ ಮರ್ಯಾದೆಯೇ ನೋಯುತ್ತಿತ್ತು.

ಅಂದು ಕುರ್ಚಿ ಎಳೆಯಲು ಯಾರೂ ಇರಲಿಲ್ಲ.

"ಹುಡುಗರ ಜೊತೆ ಕ್ಲಬ್ಬಲ್ಲಿದ್ದಾರಲ್ಲ," ಎಂದಳು ಆನಿಯೆಲಾ, ಕಣ್ಣುಜ್ಜಿಕೊಳ್ಳುತ್ತಾ.

"ನಾನು ಕ್ಲಬ್ಬಿನಿಂದಾನೇ ಬಂದೆ, ಆನಿಯೆಲಾ. ಬಿಲ್ಲೆ ಮೊಳೇಲಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎರ್ವಿನ್ ಹನ್ನೆರಡಕ್ಕೆ ರುಫಿನ್ನರನ್ನು ಮುಂಬಾಗಿಲವರೆಗೆ ಬಿಟ್ಟು, ಅವರು ಒಳಗೆ ಹೋದದ್ದನ್ನು ಕಣ್ಣಾರೆ ನೋಡಿ, ಬಿಲ್ಲೆ ತೂಗುಹಾಕಿದ್ದ. ಅವರು ಹಿತ್ತಲ ಬಾಗಿಲಿಂದ ಮತ್ತೆ ಹೊರಗೆ ಹೋಗಿದ್ದರು. ಗಣಿಗೆ ಇರುವುದು ಒಂದೇ ಬಾಯಿ. ಮನೆಗೆ ಎರಡು ಬಾಗಿಲು ಎಂಬುದು ಏಳು ತಿಂಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆನಿಯೆಲಾ ಪೊಲೀಸರಿಗೆ ಫೋನು ಮಾಡಿದಳು. ಚಹರೆ ಬರೆದುಕೊಂಡರು. ಇರುವವರೆಲ್ಲ ಆಟದ ಬಂದೋಬಸ್ತಿಗೆ ಹೋಗಿದ್ದಾರೆ, ನೋಡುತ್ತೇವೆ ಎಂದರು. ಟ್ರೂಡಾ ಅಷ್ಟರಲ್ಲಿ ಕಪಾಟು ತೆರೆದಿದ್ದಳು. ನಡೆದಾಡುವ ಬೂಟು ಅಲ್ಲೇ ಇತ್ತು. ಕೆಳಗಿನ ಅರೆಯಲ್ಲಿ ಹಳೆಯ ಆಟದ ಬೂಟು ಇರಲಿಲ್ಲ.

"ಬೆಳಿಗ್ಗೆ ಏನಾದ್ರೂ ಅಂದ್ರಾ?"

"ಏಳನೇ ನಂಬರ್ ಟ್ರಾಮ್ ಹೋಯ್ತಾ ಅಂತ ಕೇಳಿದ್ರು. ಇವತ್ತು ನಮ್ಮೋರು ಯಾರು ಏಳು ಹತ್ತುತ್ತಾರೆ ಅಂತ ನಾನು ನಕ್ಕುಬಿಟ್ಟೆ, ಟ್ರೂಡಾ. ನಕ್ಕುಬಿಟ್ಟೆ."

ಏಳು ಹೋಗುವುದು ಲಿಪ್ಕಾಕ್ಕೆ ಮಾತ್ರ. ರುಫಿನ್ನರ ಮೈಮೇಲೆ ಯಾವಾಗಲೂ ಇರುವ ಹಸಿರು ಜಾಕೆಟ್, ಬೆನ್ನಿಗೆ ಒಂಬತ್ತು. ಲಿಪ್ಕಾದವರೆಲ್ಲ ಆಟಕ್ಕೆ ಒಟ್ಟಾಗಿ ಹೊರಡಲು ತಮ್ಮ ಕ್ಲಬ್ಬಿನ ಗೇಟಿನ ಮುಂದೆ ಸೇರುವ ಹೊತ್ತು.

ಟ್ರೂಡಾ ಬಿಯರ್ ಅಂಗಡಿ ತಲುಪುವಷ್ಟರಲ್ಲಿ ಆನಿಯೆಲಾಳ ಫೋನಿನಿಂದ ಸುದ್ದಿ ಆಗಲೇ ಹಬ್ಬಿತ್ತು. ಒಬ್ಬ ಮೈದಾನ ನೋಡಿ ಬಂದಿದ್ದ, ಒಬ್ಬ ಆ ಗೋಲು ಬಿದ್ದ ಉತ್ತರದ ಕಂಬಗಳ ಹಿಂದೆ, ಒಬ್ಬ ಗಣಿಯ ಗೇಟು, ಒಬ್ಬ ಅವರ ಚಿತ್ರ ಬರೆದ ಗೋಡೆ. ಎರ್ವಿನ್ ಮೂಲೆಯಲ್ಲಿ ಟೋಪಿ ಹಿಸುಕುತ್ತಾ ಕೂತಿದ್ದ. ಅವನ ಮುಂದೆ ಯಾರೋ ಮಾತಿಲ್ಲದೆ ಒಂದು ಲೋಟ ಬಿಸಿ ಚಹಾ ಇಟ್ಟು ಹೋಗಿದ್ದರು.

"ಲಿಪ್ಕಾಕ್ಕೆ ಹೋಗಿದ್ದಾರೆ," ಎಂದಳು ಟ್ರೂಡಾ.

ಎಲ್ಲರೂ ತಿರುಗಿದರು.

"ಅಲ್ಲಿಗ್ಯಾಕೆ ಹೋಗ್ತಾರೆ ಚಿಕ್ಕಮ್ಮ?" ಎಂದ ಬೆನೆಕ್. "ಅವರಿಗೇನು ಕೆಲಸ ಅಲ್ಲಿ?"

"ಹುಟ್ಟಿದ್ದೇ ಅಲ್ಲಿ. ಹತ್ತೊಂಬತ್ತು ತುಂಬೋವರೆಗೂ ಅಲ್ಲಿ ಆಡಿದ್ದು. ನೀಲಿ ಅಂಗೀಲಿ."

"ಯಾರು ಹೇಳಿದ್ದು ನಿಮಗೆ? ಅವರು ಇದೇ ಬೀದೀಲಿ ಹುಟ್ಟಿದ್ದು. ನಮ್ಮಪ್ಪ ಹೇಳಿದ್ದಾನೆ!"

"ಆ ನೀಲಿ ಅಂಗಿ ಒಗೀತಿದ್ದದ್ದು ನಮ್ಮಮ್ಮ. ಹಿಂಡ್ತಿದ್ದದ್ದು ನಾನು."

ಐವತ್ತು ವರ್ಷದಲ್ಲಿ ಅವಳು ಯಾರಿಗೂ ಹೇಳಿರದ ಮಾತು ಅದು. ಮದುವೆಯಾಗಿ ಸೇತುವೆ ದಾಟಿ ಬಂದ ದಿನವೇ ಗಂಡ, ಲಿಪ್ಕಾ ಅನ್ನಬೇಡ, ದೂರದ ಹಳ್ಳಿ ಅನ್ನು ಎಂದಿದ್ದ. ಬೆನೆಕ್ ತನ್ನ ಮುಂಗೈ ನೋಡಿಕೊಂಡ. ಆಮೇಲೆ ಎರ್ವಿನ್‌ನನ್ನು ನೋಡಿದ. ಎರ್ವಿನ್ ನೆಲ ನೋಡುತ್ತಿದ್ದ. ಹಳಬರೆಲ್ಲ ನೆಲವನ್ನೇ ನೋಡುತ್ತಿದ್ದರು.

"ನಿಮಗೆಲ್ಲ ಗೊತ್ತಿತ್ತು," ಎಂದ ಬೆನೆಕ್.

"ಗೊತ್ತಿತ್ತೋ," ಎಂದ ಎರ್ವಿನ್. "ಹೇಳ್ತಾ ಹೇಳ್ತಾ ಬಿಟ್ಟುಬಿಟ್ವಿ. ಆಮೇಲೆ ನಮಗೂ ಮರೆತೇಹೋಯ್ತು."

ಬೆನೆಕ್ ಕುರ್ಚಿ ಒದ್ದು ಎದ್ದ. "ಗಾಡಿ ತೆಗೀರೋ! ನಲವತ್ತು ಜನ ಸಾಕು."

ಟ್ರೂಡಾ ಬಾಗಿಲಿಗೆ ಅಡ್ಡ ನಿಂತಳು. ಅವನ ಎದೆಯವರೆಗೂ ಬರುತ್ತಿರಲಿಲ್ಲ ಅವಳು. "ನಲವತ್ತು ಜನ ಹಸಿರು ಹಾಕ್ಕೊಂಡು ನುಗ್ಗಿದ್ರೆ ಅಲ್ಲಿ ನಾನೂರು ಜನ ಇದ್ದಾರೆ. ಮಧ್ಯದಲ್ಲಿ ಸಿಕ್ಕೋದು ಯಾರು? ನಾನೊಬ್ಬಳೇ ಹೋಗ್ತೀನಿ. ಮುದುಕೀನ ಯಾರು ನೋಡ್ತಾರೆ?"

ಬೆನೆಕ್ ಹಲ್ಲು ಕಚ್ಚಿ ಗಡಿಯಾರ ನೋಡಿದ. ಎರಡೂವರೆ. "ಮೂರೂಕಾಲು. ಅಷ್ಟರೊಳಗೆ ಅವರನ್ನ ಸೇತುವೆ ಕೆಳಗೆ ಕರ್ಕೊಂಬನ್ನಿ. ಬರಲಿಲ್ಲ ಅಂದ್ರೆ ನಾವೇ ಬರ್ತೀವಿ. ಆಮೇಲೆ ನನ್ನ ಬೈಬೇಡಿ ಚಿಕ್ಕಮ್ಮ."

ಬಿಲ್ಲೆಯನ್ನು ಮೊಳೆಯಿಂದ ಕಿತ್ತು ಅವನೇ ಕೊರಳಿಗೆ ಹಾಕಿಕೊಂಡ.

ಟ್ರಾಮಿನಲ್ಲಿ ಬೇರೆ ಊರುಗಳಿಂದ ಲಿಪ್ಕಾದ ಗೇಟಿಗೆ ಹೊರಟ ನೀಲಿ ಮಫ್ಲರುಗಳೇ ತುಂಬಿದ್ದವು. ಟ್ರೂಡಾ ಬೂದು ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಕಿಟಕಿಗೆ ಮುಖ ತಿರುಗಿಸಿ ಕೂತಳು. ಅವರು ಹಾಡುತ್ತಿದ್ದರು, ಹಾಡಿನಲ್ಲಿ ಕುಜ್ನಿತ್ಸಾದವರ ತಾಯಂದಿರಿಗೆ ಏನೇನೋ ಆಗುತ್ತಿತ್ತು. ಇಳಿಯುವಾಗ ಅವಳು ಕೊನೆಯ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಳು. ಮುಂದಿದ್ದವನು ಹಾಡುತ್ತಲೇ ಸಿಗರೇಟು ಎಸೆದು, ಕೈ ಕೊಟ್ಟು ಅವಳನ್ನು ಇಳಿಸಿ, "ಜೋಪಾನ ಅಜ್ಜಿ, ಜಾರುತ್ತೆ," ಎಂದ. ಮತ್ತೆ ಹಾಡಿನ ತಾಯಂದಿರ ಸಾಲಿಗೆ ಮರಳಿದ.

ಎರಡು ಐವತ್ತು. ಗೇಟಿನ ಮುಂದೆ ಜನವೋ ಜನ, ಪಟಾಕಿ ಹೊಗೆ. ಎಲ್ಲೂ ಹಸಿರು ಕಾಣಲಿಲ್ಲ. ಗೇಟಿನ ಪಕ್ಕದಲ್ಲಿ ಕಾವಲುಗಾರನ ಮರದ ಗೂಡು. ಅದರ ಮುಂದೆ ಹತ್ತಿಪ್ಪತ್ತು ಜನ ಗುಂಪುಗಟ್ಟಿ ಬಾಗಿಲು ಗುದ್ದುತ್ತಿದ್ದರು.

"ಒಳಗೆ ಹಸಿರಿದೆ ಕ್ಲೆಮೆನ್ಸ್! ನಾವು ನೋಡಿದ್ವಿ!" ಎಂದು ಕೆಂಪು ಗಡ್ಡದವನೊಬ್ಬ ಕೂಗಿದ. "ಜಾಕೆಟ್ ಕೊಡು ಸಾಕು, ಮನುಷ್ಯನ್ನ ನೀನೇ ಇಟ್ಕೋ!"

ಒಳಗಿನಿಂದ ಮುದಿ ದನಿ: "ಮೊದಲು ಹೋಗಿ ಮೂಗು ಒರೆಸ್ಕೊಳ್ರೋ! ನಿಮ್ಮಪ್ಪಂದಿರನ್ನ ಬೇಲಿ ಹಾರಿದ್ದಕ್ಕೆ ಕಿವಿ ಹಿಂಡಿ ಕಳಿಸಿದೋನು ನಾನು!"

ಎದುರಾಳಿಯ ಬಟ್ಟೆ ಕಸಿದು ತಂದು ಮೈದಾನದ ಬೇಲಿಗೆ ತಲೆಕೆಳಗಾಗಿ ಕಟ್ಟುವುದು ಎರಡೂ ಕಡೆಯ ಪದ್ಧತಿ. ಒಂಬತ್ತನೇ ನಂಬರಿನ ಆ ಜಾಕೆಟ್ಟು ಸಿಕ್ಕರೆ! ಟ್ರೂಡಾ ಕೇಕಿನ ಗಂಟನ್ನು ಎದೆಗೆ ಒತ್ತಿಕೊಂಡು ಗುಂಪಿನೊಳಕ್ಕೆ ಹೆಜ್ಜೆಯಿಟ್ಟಳು.

"ದಾರಿ ಬಿಡಿ. ನಮ್ಮೋರು ಒಳಗಿದ್ದಾರೆ."

ಕೆಂಪು ಗಡ್ಡದವನು ಅವಳನ್ನು ನೋಡಿದ, ಗಂಟನ್ನು ನೋಡಿದ, ಪಕ್ಕಕ್ಕೆ ಸರಿದ. ಬಾಗಿಲು ಗೇಣಷ್ಟು ತೆರೆದು ಅವಳನ್ನು ಒಳಗೆಳೆದುಕೊಂಡು ಮತ್ತೆ ಮುಚ್ಚಿತು.

ಒಲೆಯ ಪಕ್ಕದ ಬೆಂಚಿನಲ್ಲಿ ರುಫಿನ್ ಕೂತಿದ್ದರು. ಕಾಲಲ್ಲಿ ಆಟದ ಬೂಟು, ದಾರ ಬಿಗಿಯಾಗಿ ಕಟ್ಟಿತ್ತು. ಕೈಯಲ್ಲಿ ಚಹಾ. ಹಸಿರು ಜಾಕೆಟ್ ಇರಲಿಲ್ಲ. ಕ್ಲೆಮೆನ್ಸ್‌ನ ಕೋಟು ಅವರ ಹೆಗಲ ಮೇಲಿತ್ತು, ಕೊರಳಿಗೆ ನೀಲಿ ಮಫ್ಲರು. ಕ್ಲೆಮೆನ್ಸ್ ತಾನು ಬರೀ ಅಂಗಿಯಲ್ಲಿ ನಡುಗುತ್ತಾ ನಿಂತಿದ್ದ.

"ಜಾಕೆಟ್ಟು ಕಲ್ಲಿದ್ದಲ ಡಬ್ಬದಲ್ಲಿದೆ," ಎಂದು ಪಿಸುಗುಟ್ಟಿದ. "ನೀವು ಇವನ ಮನೆಯೋರಾ? ನಾನು ಗೋಲ್‌ಕೀಪರು, ಇವನು ನನ್ನ ಮುಂದೆ ಎರಡು ವರ್ಷ ಆಡಿದೋನು. ಬಂದೋನೇ ಕ್ಲೆಮೆನ್ಸ್, ಇವತ್ತು ಆಡೋರ ಪಟ್ಟಿ ಹಾಕಿದ್ರಾ ಅಂದ. ನೋಡಿ, ನನ್ನ ಹೆಂಡ್ತಿಗೇ ಈ ಬೋಳುತಲೇಲಿ ನನ್ನ ಗುರುತು ಸಿಗಲ್ಲ. ಇವನಿಗೆ ಸಿಕ್ತು."

"ಬನ್ನಿ, ಮನೆಗೆ ಹೋಗೋಣ," ಎಂದಳು ಟ್ರೂಡಾ ರುಫಿನ್ನರ ಮುಂದೆ ಬಾಗಿ. "ಆನಿಯೆಲಾ ಕಾಯ್ತಿದ್ದಾಳೆ."

"ಯಾವ ಆನಿಯೆಲಾ?"

ಆ ಮಾತನ್ನು ಆನಿಯೆಲಾ ಕೇಳಿಸಿಕೊಳ್ಳಲಿಲ್ಲವಲ್ಲ, ಸದ್ಯ ಎಂದುಕೊಂಡಳು ಟ್ರೂಡಾ. ರುಫಿನ್ ಅವಳ ಮುಖವನ್ನೇ ದಿಟ್ಟಿಸುತ್ತಿದ್ದರು. ಅವರ ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು.

"ಏ, ನೀನು ಅಗಸಗಿತ್ತಿ ಹೆಲೆನಮ್ಮನ ಮಗಳಲ್ವಾ? ಟ್ರೂಡ್ಕಾ! ನನ್ನ ಅಂಗಿಗೆ ಗುಂಡಿ ಹಾಕ್ತೀನಿ ಅಂದು ಎಷ್ಟು ದಿನ ಆಯ್ತೇ?"

ಬೇಸಿಗೆಯಿಂದ ಬರೀ ಅಮ್ಮಾವ್ರೇ ಎನ್ನಿಸಿಕೊಂಡವಳು ಅವಳು. "ಹಾಕ್ತೀನಿ ರುಫೆಕ್. ಮೊದಲು ನಡಿ."

"ಪಟ್ಟಿ ಹಾಕ್ಲಿ. ಹೆಸರಿದ್ಯೋ ಇಲ್ವೋ ನೋಡದೆ ಹೆಂಗೆ ಹೋಗ್ಲಿ? ತರಬೇತುದಾರ ಬೈತಾನೆ."

ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಿತು. ಬಾಗಿಲು ಮತ್ತೆ ಗುದ್ದಿದರು. ಅವಳು ಕೇಕು ಬಿಚ್ಚಿಕೊಟ್ಟಳು, ತಿಂದರು, ಏಳಲಿಲ್ಲ. ಕೈ ಹಿಡಿದೆಳೆದಳು, ಬೆಂಚಿಗೆ ಅಂಟಿ ಕೂತರು. ಅವರ ತೋಳಲ್ಲಿ ಇನ್ನೂ ಬಲವಿತ್ತು. ಮೂರು ಐದು. ಬೆನೆಕ್ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಕ್ಲೆಮೆನ್ಸನಿಗೂ ಅವಳು ಅದನ್ನು ಹೇಳಿದಳು.

ಕ್ಲೆಮೆನ್ಸ್ ಬಾಗಿಲು ತೆರೆದು ಹೊರಗೆ ಹೋದ. ಗುಂಪು ಹೋ ಎಂದು ಅವನನ್ನು ಮುತ್ತಿತು. ಅವನು ಏನು ಹೇಳಿದನೋ ಟ್ರೂಡಾಗೆ ಕೇಳಿಸಲಿಲ್ಲ. ಗದ್ದಲ ಮಾತ್ರ ತಗ್ಗುತ್ತಾ ಬಂತು. ಮತ್ತೆ ಒಳಗೆ ಬಂದು ಕೈಗೆ ಕೈ ಉಜ್ಜಿದ.

"ಆಟ ಇಲ್ಲ ರುಫೆಕ್. ಮೈದಾನ ಹೆಪ್ಪುಗಟ್ಟಿದೆ. ಎಲ್ರೂ ಮನೆಗೆ ಹೋಗಿ ಅಂದ್ರು."

"ಹೌದಾ?" ರುಫಿನ್ ಅನುಮಾನದಿಂದ ಬಾಗಿಲ ಕಡೆ ನೋಡಿದರು. ಅಲ್ಲಿ ಕೆಂಪು ಗಡ್ಡದವನು ತಲೆ ಹಾಕಿದ್ದ. ಅವನು ಮುದುಕನನ್ನು ನೋಡಿದ, ಆಟದ ಬೂಟನ್ನು ನೋಡಿದ.

"ಹೌದಣ್ಣಾ, ರದ್ದಾಯ್ತು," ಎಂದ. "ನೆಲ ಕಬ್ಬಿಣ ಆಗಿಬಿಟ್ಟಿದೆ. ನಾವೂ ಹೊರಟ್ವಿ."

"ಪಟ್ಟಿ? ಪಟ್ಟಿಯಲ್ಲಿ ನನ್ನ ಹೆಸರಿತ್ತಾ?"

"ಇತ್ತು," ಎಂದ ಕ್ಲೆಮೆನ್ಸ್. "ಒಂಬತ್ತು."

ರುಫಿನ್ ಲೋಟ ಕೆಳಗಿಟ್ಟು ಎದ್ದು ನಿಂತರು.

ಜಾಕೆಟ್ಟನ್ನು ಕೇಕಿನ ಬಟ್ಟೆಯಲ್ಲಿ ಸುತ್ತಿ ಟ್ರೂಡಾ ಬಗಲಲ್ಲಿಟ್ಟುಕೊಂಡಳು. ಒಂದು ಮೂಲೆಯಲ್ಲಿ ಹಸಿರು ಇಣುಕುತ್ತಿತ್ತು. ಎಷ್ಟು ತುರುಕಿದರೂ ಇಣುಕುತ್ತಿತ್ತು. ಗುಂಪು ಎರಡಾಗಿ ಸೀಳಿತು. ಎಲ್ಲರ ಕಣ್ಣೂ ಆ ಗಂಟಿನ ಮೇಲೆ. ಯಾರೂ ಕೈ ಹಾಕಲಿಲ್ಲ. ಕೆಂಪು ಗಡ್ಡದವನು ಮುಂದೆ ನಡೆದು, "ರದ್ದಾಯ್ತು, ರದ್ದಾಯ್ತು, ದಾರಿ ಬಿಡ್ರೋ," ಎಂದು ಕೂಗುತ್ತಾ ಹೋದ. ಗೊತ್ತಿಲ್ಲದವರು ಏನು ರದ್ದಾಯ್ತೋ ಎಂದು ಗಾಬರಿಯಾದರು. ಅವರಿಗೆ ಅವನು ಮೆತ್ತಗೆ ಏನೋ ಹೇಳುತ್ತಿದ್ದ. ಅವನ ಹಿಂದೆ ರುಫಿನ್, ಒಂದು ಕಡೆ ಟ್ರೂಡಾ, ಇನ್ನೊಂದು ಕಡೆ ಬರೀ ಅಂಗಿಯ ಕ್ಲೆಮೆನ್ಸ್. ಕಲ್ಲುಹಾಸಿನ ಮೇಲೆ ಆಟದ ಬೂಟಿನ ಮೊಳೆಗಳು ಟಕಟಕ ಎನ್ನುತ್ತಿದ್ದವು.

ಸೇತುವೆ ಕಂಡಾಗ ಮೂರು ಇಪ್ಪತ್ತಾಗಿತ್ತು. ಅದರ ಕತ್ತಲೆಯಿಂದ ಹಸಿರು ಆಗಲೇ ಹೊರಗೆ ಬರುತ್ತಿತ್ತು. ನಲವತ್ತು ಜನ, ಮುಂದೆ ಬೆನೆಕ್. ಹಿಂದೆ ತಿರುಗಿ ನೋಡಿದರೆ ಇಪ್ಪತ್ತು ಜನ ನೀಲಿ ಸಾಲುಗಟ್ಟಿ ನಿಂತಿದ್ದರು. ಅವರ ಹಿಂದೆ ಇನ್ನೂ ಬರುತ್ತಿದ್ದರು. ಯಾರ ಬಾಯಲ್ಲೂ ಹಾಡಿರಲಿಲ್ಲ. ಮೇಲೆ ಗೂಡ್ಸ್ ರೈಲೊಂದು ಹಾದು ಹೋಯಿತು. ಅದು ಮುಗಿಯುವವರೆಗೆ ಎರಡು ಕಡೆಯವರೂ ಅಲ್ಲಾಡದೆ ನಿಂತರು.

ಬೆನೆಕ್‌ನ ಕಣ್ಣು ರುಫಿನ್ನರ ಮುಖದ ಮೇಲಿರಲಿಲ್ಲ. ಅವರ ಕೊರಳಿನ ನೀಲಿ ಮಫ್ಲರಿನ ಮೇಲಿತ್ತು.

"ಯಾರು ಹಾಕಿದ್ದು ಅದನ್ನ?" ಎಂದ. ದನಿ ತೀರ ಸಣ್ಣದಾಗಿತ್ತು. ಅವನ ಕೂಗಿಗಿಂತ ಅದಕ್ಕೆ ಟ್ರೂಡಾ ಹೆದರಿದಳು. "ಯಾರು ಹಾಕಿದ್ದು ಅವರ ಕತ್ತಿಗೆ?"

"ನಾನು," ಎಂದ ಕ್ಲೆಮೆನ್ಸ್. ಚಳಿಗೆ ಅವನ ದವಡೆ ಕಟಕಟ ಎನ್ನುತ್ತಿತ್ತು. "ಅವನದೇ ಬಣ್ಣ ಅದು, ನಿಮ್ಮ ಬಣ್ಣಕ್ಕಿಂತ ಮೊದಲು."

ಹಸಿರಿನ ಸಾಲಿನಲ್ಲಿ ಯಾರೋ ಬೈದರು. ಯಾರದೋ ಕೈಯಿಂದ ಬಾಟಲಿ ಬಿದ್ದು ಒಡೆಯಿತು. ನೀಲಿಯವರು ಒಂದು ಹೆಜ್ಜೆ ಮುಂದೆ ಬಂದರು. ಟ್ರೂಡಾ ರುಫಿನ್ನರ ತೋಳು ಬಿಗಿಯಾಗಿ ಹಿಡಿದಳು. ಆದರೆ ಅವರು ಬಿಡಿಸಿಕೊಂಡು ನೇರ ಬೆನೆಕ್‌ನ ಮುಂದೆ ಹೋಗಿ ನಿಂತು, ಅವನ ಆಕಾರವನ್ನು ಮೇಲಿಂದ ಕೆಳಗೆ ಮೆಚ್ಚುಗೆಯಿಂದ ನೋಡಿದರು.

"ನೀನು ಯಾವ ಜಾಗದಲ್ಲಿ ಆಡ್ತೀಯಪ್ಪಾ? ಹಿಂದುಗಡೇನಾ?"

ಬೆನೆಕ್ ಜಾಕೆಟ್ಟಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಅವರ ಮುಖ ಅವನ ಮುಂಗೈ ಮೇಲಿತ್ತು. ಅವನ ಮುಖ ಅವರಲ್ಲಿ ಎಲ್ಲೂ ಇರಲಿಲ್ಲ.

"ನಾನು ಆಡಲ್ಲ ಯಜಮಾನ್ರೇ," ಎಂದ. "ಕೂಗ್ತೀನಿ ಅಷ್ಟೆ."

"ಕೂಗೋರೂ ಬೇಕು," ಎಂದರು ರುಫಿನ್ ಸಮಾಧಾನ ಹೇಳುವಂತೆ. "ಇವತ್ತು ಆಟ ಇಲ್ಲ. ನೆಲ ಹೆಪ್ಪುಗಟ್ಟಿದೆ. ನೀವೆಲ್ಲ ಅಷ್ಟು ದೂರದಿಂದ ಬಂದ್ರಿ, ಪಾಪ."

ಗಾಳಿಗೆ ಮಫ್ಲರಿನ ಒಂದು ತುದಿ ಜಾರಿ ಅವರ ಎದೆ ತೆರೆದುಕೊಂಡಿತ್ತು. ಬೆನೆಕ್ ಕೈ ಎತ್ತಿದ. ಅವನು ಆ ನೀಲಿ ತುದಿಯನ್ನು ಎರಡು ಬೆರಳಲ್ಲಿ, ಸುಡುವುದನ್ನು ಮುಟ್ಟಿದಂತೆ ಹಿಡಿದು, ಅವರ ಕೊರಳಿಗೆ ಇನ್ನೊಂದು ಸುತ್ತು ಸುತ್ತಿ ಕೋಟಿನೊಳಗೆ ಸೇರಿಸಿದ.

"ಚಳಿ ಇದೆ, ರುಫಿನ್ ಯಜಮಾನ್ರೇ," ಎಂದ. ಆಮೇಲೆ ಹಿಂದಿರುಗಿ ನೋಡದೆ ತನ್ನವರಿಗೆ, "ದಾರಿ," ಎಂದ.

ಹಸಿರಿನ ಸಾಲು ಗೋಡೆಗೆ ಸರಿಯಿತು. ಎರ್ವಿನ್ ಓಡಿಬಂದು ಕಾರಿನ ಬಾಗಿಲು ತೆಗೆದ. ರುಫಿನ್ನರ ತಲೆ ತಗುಲದಿರಲೆಂದು ಬಾಗಿಲ ಮೇಲಂಚಿಗೆ ಅಂಗೈ ಅಡ್ಡ ಹಿಡಿದ. ಟ್ರೂಡಾ ಅವರ ಪಕ್ಕ ಕೂತಳು. ಗಂಟಿನಿಂದ ಜಾಕೆಟ್ಟು ತೆಗೆದು ಅವರ ಮಂಡಿಯ ಮೇಲೆ ಹೊದಿಸಿದಳು. "ಗುಂಡಿ ಮರೀಬೇಡ ಟ್ರೂಡ್ಕಾ," ಎಂದರು ಅವರು. ಇಲ್ಲ ಎಂದಳು.

ಬೆನೆಕ್ ಇನ್ನೂ ಅಲ್ಲೇ ನಿಂತಿದ್ದ. ತನ್ನ ದಪ್ಪ ಜಾಕೆಟ್ಟು ಬಿಚ್ಚಿ ಕ್ಲೆಮೆನ್ಸ್‌ನತ್ತ ಚಾಚಿದ. ಕ್ಲೆಮೆನ್ಸ್ ಅದರ ಬಣ್ಣ ನೋಡಿ ತಲೆಯಾಡಿಸಿದ.

"ಅದನ್ನ ಹಾಕ್ಕೊಂಡು ವಾಪಸ್ ಹೋದ್ರೆ ನನ್ನ ಹೆಣ ಬೀಳುತ್ತಪ್ಪ. ಕೋಟು ಸೋಮವಾರ ಟ್ರಾಮಲ್ಲಿ ಕಳಿಸು."

ಬೆನೆಕ್‌ಗೆ ನಗು ಬಂತೋ ಏನೋ, ಮೂಗೊರೆಸಿಕೊಂಡ. ಮತ್ತೆ ಕೊರಳಿಗೆ ಕೈ ಹಾಕಿ, ದಾರ ತಲೆಯ ಮೇಲಿಂದ ತೆಗೆದು, ಹಿತ್ತಾಳೆಯ ಬಿಲ್ಲೆಯನ್ನು ಕ್ಲೆಮೆನ್ಸ್‌ನ ಅಂಗೈ ಮೇಲಿಟ್ಟ.

"ನಾವು ಇನ್ನೊಂದು ಮಾಡಿಸ್ಕೋತೀವಿ. ಅವರು ಮತ್ತೆ ಈ ಕಡೆ ಬಂದ್ರೆ ಪಾಳಿ ನಿಮ್ಮದು. ಮನೆಗೆ ಕಳಿಸಿದ ಮೇಲೇನೇ ತೂಗುಹಾಕಬೇಕು, ಗೊತ್ತಾಯ್ತಾ? ಹಿತ್ತಲ ಬಾಗಿಲೂ ನೋಡಬೇಕು. ನಿಮ್ಮ ಗೂಡಲ್ಲಿ ಮೊಳೆ ಇದ್ಯಾ?"

ಕ್ಲೆಮೆನ್ಸ್ ಬಿಲ್ಲೆಯ ಮೇಲಿನ ಒಂಬತ್ತನ್ನು ಹೆಬ್ಬೆರಳಿನಿಂದ ಸವರಿದ.

"ಹೊಡ್ಕೋತೀನಿ," ಎಂದ.